ಸರಾಸರಿಯ ಲೆಕ್ಕ ತಟ್ಟೆ ತುಂಬಿಸದು

ಪ್ರತಿವರ್ಷ ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಭಾರತೀಯ ಹವಾಮಾನ ಇಲಾಖೆ ಒಂದು ಅಂಕಿಯನ್ನು ಪ್ರಕಟಿಸುತ್ತದೆ. ನಾಲ್ಕು ತಿಂಗಳ ಮುಂಗಾರಿನಲ್ಲಿ ದೇಶದಲ್ಲಿ ಬಿದ್ದ ಒಟ್ಟು ಮಳೆ, ದೀರ್ಘಾವಧಿ ಸರಾಸರಿಯ ಶೇ ಎಷ್ಟು ಎಂಬುದೇ ಆ ಅಂಕಿ. ಅದು 96ರಿಂದ 104ರ ನಡುವೆ ಇದ್ದರೆ ಮುಂಗಾರು ‘ಸಾಮಾನ್ಯ’. 2023ರಲ್ಲಿ ಈ ಅಂಕಿ 94 ಆಗಿತ್ತು. ಸಾಮಾನ್ಯಕ್ಕಿಂತ ಎರಡೇ ಅಂಶ ಕಡಿಮೆ. ಅದೇ ವರ್ಷ ಕರ್ನಾಟಕ ಸರ್ಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 48 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಪ್ರದೇಶದಲ್ಲಿ ಬೆಳೆ ಹಾನಿಯಾಗಿದೆ ಎಂದು ಕೇಂದ್ರಕ್ಕೆ ಮನವಿ ಸಲ್ಲಿಸಿತು.

ಈ ಎರಡು ಲೆಕ್ಕಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಇವುಗಳ ನಡುವಿನ ಅಂತರವನ್ನು ಅರ್ಥಮಾಡಿಕೊಳ್ಳದೆ ಹವಾಮಾನ ವೈಪರೀತ್ಯದ ಬಗ್ಗೆಯಾಗಲಿ, ಆಹಾರ ಭದ್ರತೆಯ ಬಗ್ಗೆಯಾಗಲಿ ಮಾತನಾಡುವುದು ವ್ಯರ್ಥ ಎಂದು ನನಗೆ ಅನ್ನಿಸುತ್ತದೆ. ನಾವು ಮಳೆಯನ್ನು ಸರಾಸರಿಯಲ್ಲಿ ಅಳೆಯುತ್ತೇವೆ, ಬೆಳೆ ನಷ್ಟವನ್ನು ಸರಾಸರಿಯಲ್ಲಿ ತೂಗುತ್ತೇವೆ, ಅನ್ನವನ್ನು ಗೋದಾಮಿನ ಟನ್ನುಗಳಲ್ಲಿ ಎಣಿಸುತ್ತೇವೆ. ಹವಾಮಾನ ಪೆಟ್ಟು ಕೊಡುವುದು ಈ ಯಾವ ಲೆಕ್ಕಕ್ಕೂ ಸಿಗದ ಕಡೆ: ಒಂದು ವಾರದಲ್ಲಿ, ಒಂದು ಹೋಬಳಿಯಲ್ಲಿ, ಒಂದು ಮನೆಯ ಅಡುಗೆಮನೆಯಲ್ಲಿ.

ನಕ್ಷತ್ರ ತಪ್ಪಿದ ಮಳೆ

ಬಯಲುಸೀಮೆಯ ಮನೆಯಲ್ಲಿ ಬೆಳೆದ ನಾನು ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುವುದನ್ನು ಕಲಿತದ್ದು ಬಹಳ ತಡವಾಗಿ. ನಮ್ಮ ಹಿರಿಯರಿಗೆ ಮಳೆಗೆ ಹೆಸರಿತ್ತು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಹುಬ್ಬೆ – ಹೀಗೆ ಹದಿಮೂರು ಹದಿನಾಲ್ಕು ದಿನಗಳಿಗೊಂದು ನಕ್ಷತ್ರ. ಈ ಮಳೆಗೆ ಉಳುಮೆ, ಆ ಮಳೆಗೆ ಬಿತ್ತನೆ, ಮುಂದಿನದಕ್ಕೆ ಎಡೆಕುಂಟೆ ಎಂದು ಕೆಲಸಗಳೂ ಅದಕ್ಕೆ ಹೊಂದಿಕೊಂಡಿದ್ದವು. ಮಖೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯನ್ನು ಕೇಳದ ರೈತರು ಹಳೆ ಮೈಸೂರು ಸೀಮೆಯಲ್ಲಿ ಇರಲಾರರು. ಇದನ್ನು ಪಂಚಾಂಗದ ನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ವಾಸ್ತವವಾಗಿ ಅದು ವರ್ಷದ ಒಟ್ಟು ಮಳೆಗಿಂತ ಹದಿನೈದು ದಿನಗಳ ಮಳೆ ಬೆಳೆಗೆ ಮುಖ್ಯ ಎಂಬ ಅನುಭವದ ಲೆಕ್ಕ.

2023ರ ಕರ್ನಾಟಕವನ್ನೇ ನೋಡಿ. ಜೂನ್ ತಿಂಗಳಲ್ಲಿ ವಾಡಿಕೆಯ ಅರ್ಧದಷ್ಟೂ ಮಳೆ ಬರಲಿಲ್ಲ. ಬಿತ್ತನೆ ಹಿಂದೆ ಬಿತ್ತು. ಜುಲೈನಲ್ಲಿ ವಾಡಿಕೆಗಿಂತ ಹೆಚ್ಚು ಮಳೆ ಸುರಿಯಿತು. ರೈತರು ಸಾಲ ಮಾಡಿ ಬೀಜ, ಗೊಬ್ಬರ ತಂದು ಬಿತ್ತಿದರು. ಪೈರು ಮೇಲೆದ್ದ ಆಗಸ್ಟ್‌ನಲ್ಲಿ ಆಶ್ಲೇಷ, ಮಖೆ ಎರಡೂ ಕೈಕೊಟ್ಟವು. ಆ ತಿಂಗಳ ಕೊರತೆ ವಾಡಿಕೆಯ ಸುಮಾರು ಮುಕ್ಕಾಲು ಪಾಲು. ದೇಶದ ಮಟ್ಟದಲ್ಲಿಯೂ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ದಾಖಲಾಗಿರಲಿಲ್ಲ. ಮಳೆ ಬಾರದೇ ಇದ್ದುದಕ್ಕಿಂತ, ಬಂದು ಬಿತ್ತನೆ ಮಾಡಿಸಿ ಆಮೇಲೆ ಹೋದದ್ದು ಹೆಚ್ಚು ನಷ್ಟಕ್ಕೆ ಕಾರಣವಾಯಿತು. ಬಿತ್ತದೆ ಉಳಿದ ಹೊಲದಲ್ಲಿ ಕಳೆದುಕೊಳ್ಳುವುದು ಬೆಳೆಯನ್ನು ಮಾತ್ರ. ಬಿತ್ತಿ ಒಣಗಿದ ಹೊಲದಲ್ಲಿ ಬೆಳೆಯ ಜೊತೆಗೆ ಸಾಲವೂ ಉಳಿಯುತ್ತದೆ.

ಇದರ ಹಿಂದಿನ ವಿಜ್ಞಾನ ತೀರಾ ಜಟಿಲವಲ್ಲ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲದು. ಹಾಗಾಗಿ ಮಳೆ ಬರುವಾಗ ಒಮ್ಮೆಲೇ ಸುರಿಯುತ್ತದೆ. ನಡುವಿನ ಒಣ ದಿನಗಳಲ್ಲಿ ಅದೇ ಬಿಸಿಗಾಳಿ ಮಣ್ಣಿನ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವು, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಿವೆ ಎಂದು ತೋರಿಸಿತು. ಇದೇ ಅವಧಿಯಲ್ಲಿ ಅಲ್ಲಿನ ಒಟ್ಟು ಮುಂಗಾರು ಮಳೆ ಕುಗ್ಗಿತ್ತು. ಬರ ಮತ್ತು ನೆರೆ ಪರಸ್ಪರ ವಿರುದ್ಧವಾದ ಎರಡು ವಿಪತ್ತುಗಳೆಂದು ನಾವು ತಿಳಿದಿದ್ದೆವು. ಈಗ ಅವು ಒಂದೇ ಹೊಲಕ್ಕೆ, ಕೆಲವೊಮ್ಮೆ ಒಂದೇ ಹಂಗಾಮಿನಲ್ಲಿ ಬರುತ್ತಿವೆ.

ತೊಗರಿಯ ಕಣಜದ ಕಥೆ

ಇದಕ್ಕೆ ಕಲಬುರಗಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ತೊಗರಿಯ ಕಣಜವೆಂದೇ ಹೆಸರಾದ ಜಿಲ್ಲೆ ಅದು. ಅಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್–ಜನವರಿಯಲ್ಲಿ. ಆಳಕ್ಕೆ ಇಳಿಯುವ ತಾಯಿಬೇರಿನಿಂದಾಗಿ ಅದು ಕಪ್ಪು ಮಣ್ಣಿನ ತೇವವನ್ನು ಹುಡುಕಿ ಬದುಕುತ್ತದೆ. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ನೀರಾವರಿ ಕೇಳದೆ, ಕಡಿಮೆ ಗೊಬ್ಬರದಲ್ಲಿ ಬಡವರ ತಟ್ಟೆಗೆ ಪ್ರೋಟೀನ್ ಕೊಡುವ ಬೆಳೆ. ಬರವನ್ನು ತಾಳುವ ಈ ಗಿಡಕ್ಕೆ ನೀರು ನಿಂತರೆ ಮಾತ್ರ ಆಗದು.

2022ರಲ್ಲಿ ಮಳೆ ಹೆಚ್ಚಾಯಿತು. ಅದರ ಬೆನ್ನಲ್ಲೇ, ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಹರಡಿ ಲಕ್ಷಾಂತರ ಎಕರೆ ತೊಗರಿ ನಿಂತಲ್ಲೇ ಒಣಗಿತು. ಹೆಕ್ಟೇರಿಗೆ 10,000 ರೂಪಾಯಿಯಂತೆ ವಿಶೇಷ ಪರಿಹಾರವನ್ನು ರಾಜ್ಯ ಸರ್ಕಾರ ಪ್ರಕಟಿಸಬೇಕಾಯಿತು. 2023ರಲ್ಲಿ ಬರ. 2025ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮತ್ತೆ ಅತಿವೃಷ್ಟಿ. ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಸೇರಿ ಭೀಮೆ ಉಕ್ಕಿ ಹರಿದಳು. ಕಲಬುರಗಿ, ಯಾದಗಿರಿ, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ತೊಗರಿ, ಹೆಸರು, ಉದ್ದು, ಸೋಯಾ, ಹತ್ತಿ ನೀರಿನಲ್ಲಿ ನಿಂತವು. ಹತ್ತು ಲಕ್ಷ ಹೆಕ್ಟೇರ್‌ಗೂ ಮಿಕ್ಕಿ ಬೆಳೆ ಹಾನಿಯಾಗಿದೆ ಎಂದು ಸರ್ಕಾರ ಅಂದಾಜಿಸಿತು. ನಾಲ್ಕು ವರ್ಷಗಳಲ್ಲಿ ರೋಗ, ಬರ, ನೆರೆ ಮೂರನ್ನೂ ಕಂಡ ರೈತರಿಗೆ ‘ಈ ನಾಲ್ಕು ವರ್ಷಗಳ ಸರಾಸರಿ ಮಳೆ ಸಾಮಾನ್ಯ’ ಎಂದು ಹೇಳಿದರೆ ಏನು ಪ್ರಯೋಜನ?

ನಷ್ಟ ಹೊಲದಲ್ಲೇ ನಿಲ್ಲುವುದಿಲ್ಲ. 2023ರಲ್ಲಿ ತೊಗರಿ ಬೇಳೆಯ ಚಿಲ್ಲರೆ ಬೆಲೆ ಕೆ.ಜಿ.ಗೆ 150 ರೂಪಾಯಿ ದಾಟಿತು. ಬೆಲೆ ಏರಿದಾಗ ಕೇಂದ್ರ ಸರ್ಕಾರ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಗಳಿಂದ ಸುಂಕವಿಲ್ಲದೆ ಆಮದಿಗೆ ಅವಕಾಶ ಕೊಡುತ್ತಾ ಬಂತು. 2024–25ರಲ್ಲಿ ದೇಶದ ಒಟ್ಟು ಬೇಳೆಕಾಳು ಆಮದು 70 ಲಕ್ಷ ಟನ್ ಮೀರಿ ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. ಬಳಕೆದಾರರ ದೃಷ್ಟಿಯಿಂದ ಇದು ಸರಿಯೆಂದೇ ಒಪ್ಪೋಣ. ಆದರೆ ಬೆಳೆ ಕೆಟ್ಟ ವರ್ಷ ಮಾರಲು ಕಾಳಿಲ್ಲದೆ, ಬೆಳೆ ಬಂದ ವರ್ಷ ಆಮದಿನ ಎದುರು ಬೆಲೆಯಿಲ್ಲದೆ ಸೋಲುವ ರೈತರು ತೊಗರಿಯನ್ನು ಎಷ್ಟು ದಿನ ಬಿತ್ತಿಯಾರು? ನೀರು ಸಿಕ್ಕಲ್ಲೆಲ್ಲ ಅವರು ಕಬ್ಬಿಗೆ ಹೊರಳಿದರೆ ದೂಷಿಸುವ ಹಕ್ಕು ನಮಗಿದೆಯೇ?

ಗೋದಾಮು ತುಂಬಿದ್ದರೂ

ಮಳೆಯಾಶ್ರಿತ ಬೆಳೆಗಳ ಪಾಡು ಏನೇ ಇರಲಿ, ಪಂಜಾಬ್, ಹರಿಯಾಣಗಳ ನೀರಾವರಿ ಗೋಧಿ–ಭತ್ತ ದೇಶವನ್ನು ಸಾಕುತ್ತದೆ ಎಂಬುದು ಹಸಿರು ಕ್ರಾಂತಿಯ ನಂತರದ ನಮ್ಮ ನಂಬಿಕೆ. ಆ ನಂಬಿಕೆಗೂ 2022ರಲ್ಲಿ ಬಿರುಕು ಬಿತ್ತು. ದೇಶದ ಸರಾಸರಿ ಗರಿಷ್ಠ ಉಷ್ಣಾಂಶದಲ್ಲಿ 1901ರಿಂದೀಚೆಗಿನ ಅತಿ ಬಿಸಿಯಾದ ಮಾರ್ಚ್ ಅದು. ಗೋಧಿಯ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಬಿಸಿಗಾಳಿ ಬೀಸಿ ಕಾಳು ಸುರುಟಿತು. ಕಾಲುವೆಯಲ್ಲಿ ನೀರಿತ್ತು, ಗೊಬ್ಬರವಿತ್ತು, ಬೆಂಬಲ ಬೆಲೆಯೂ ಇತ್ತು; ಉಷ್ಣಾಂಶ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಇಳುವರಿ ಕುಗ್ಗಿತು. ಯುಕ್ರೇನ್ ಯುದ್ಧದಿಂದ ಏರಿದ ಬೆಲೆಗೆ ಖಾಸಗಿ ವರ್ತಕರು ಖರೀದಿಗೆ ಮುಗಿಬಿದ್ದರು. ಹಿಂದಿನ ವರ್ಷ 433 ಲಕ್ಷ ಟನ್ ಇದ್ದ ಸರ್ಕಾರಿ ಗೋಧಿ ಖರೀದಿ 188 ಲಕ್ಷ ಟನ್ನಿಗೆ ಇಳಿಯಿತು. ಮೇ 13ರಂದು ಕೇಂದ್ರ ಗೋಧಿ ರಫ್ತು ನಿಷೇಧಿಸಿತು. ಹಲವು ರಾಜ್ಯಗಳ ಪಡಿತರದಲ್ಲಿ ಗೋಧಿಯ ಬದಲು ಅಕ್ಕಿ ಕೊಡಲಾಯಿತು.

ಮರುವರ್ಷ ಸರದಿ ಅಕ್ಕಿಯದು. ಮಳೆಯ ಅನಿಶ್ಚಯ ಮತ್ತು ಏರುತ್ತಿದ್ದ ಬೆಲೆಗೆ ಹೆದರಿದ ಕೇಂದ್ರ, 2023ರ ಜೂನ್‌ನಲ್ಲಿ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40ರಷ್ಟು ಪಾಲು ಹೊಂದಿದ್ದ ದೇಶ ಬಾಗಿಲು ಮುಚ್ಚಿದರೆ ಆಫ್ರಿಕಾದ ಬಡ ದೇಶಗಳ ಅಡುಗೆಮನೆಗೂ ಅದರ ಬಿಸಿ ತಟ್ಟುತ್ತದೆ. ನಮ್ಮಲ್ಲಿ ಅದು ಅನ್ನಭಾಗ್ಯಕ್ಕೆ ತಟ್ಟಿತು. ಹೆಚ್ಚುವರಿ ಐದು ಕೆ.ಜಿ. ಅಕ್ಕಿ ಕೊಡುವ ಭರವಸೆ ನೀಡಿದ್ದ ರಾಜ್ಯ ಸರ್ಕಾರಕ್ಕೆ ಅಕ್ಕಿ ಸಿಗದೆ, ಕೆ.ಜಿ.ಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕಬೇಕಾಯಿತು. ಮತ್ತೆ ಅಕ್ಕಿಯನ್ನೇ ಕೊಡಲಾರಂಭಿಸಿದ್ದು 2025ರ ಫೆಬ್ರುವರಿಯಿಂದ. ಅಂದು ಇದನ್ನು ಎರಡು ಪಕ್ಷಗಳ ರಾಜಕೀಯ ಜಗಳವಾಗಿ ಮಾತ್ರ ನೋಡಲಾಯಿತು. ರಾಜಕೀಯ ಇದ್ದದ್ದು ನಿಜ. ಆದರೆ ಕರ್ನಾಟಕದಂಥ ದೊಡ್ಡ ರಾಜ್ಯದ ಪಡಿತರ, ದೂರದ ಕೆಲವೇ ರಾಜ್ಯಗಳಲ್ಲಿ ಬೆಳೆಯುವ ಒಂದೇ ಧಾನ್ಯಕ್ಕೆ ಎಷ್ಟು ಬಿಗಿಯಾಗಿ ಕಟ್ಟಿಹಾಕಿಕೊಂಡಿದೆ ಎಂಬ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಕೇಳಲಿಲ್ಲ.

ಅನಂತರದ ವರ್ಷಗಳಲ್ಲಿ ಅಕ್ಕಿಯ ದಾಸ್ತಾನು ಮತ್ತೆ ಏರಿತು; 2024ರ ಸೆಪ್ಟೆಂಬರ್‌ನಲ್ಲಿ ರಫ್ತು ನಿಷೇಧವೂ ತೆರವಾಯಿತು. ‘ಗೋದಾಮು ತುಂಬಿದೆ, ಹೆದರಿಕೆಯೇಕೆ?’ ಎಂದು ಕೇಳುವವರಿದ್ದಾರೆ. ನಮ್ಮ ಇತಿಹಾಸ ಬೇರೆ ಪಾಠ ಹೇಳುತ್ತದೆ. 1876–78ರ ಧಾತು ಸಂವತ್ಸರದ ಕ್ಷಾಮದ ನೆನಪು ಹಳೆ ಮೈಸೂರು ಸೀಮೆಯಲ್ಲಿ ತಲೆಮಾರುಗಳವರೆಗೆ ಉಳಿದಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಆ ವರ್ಷಗಳಲ್ಲಿ ಭಾರತದಿಂದ ಧಾನ್ಯ ರಫ್ತಾಗುವುದು ನಿಂತಿರಲಿಲ್ಲ. ದುಡಿಮೆ ಹೋದವರ ಕೈಯಲ್ಲಿ ಕೊಳ್ಳುವ ಕಾಸಿರಲಿಲ್ಲ. ಹಸಿವಿಗೆ ಕಾರಣ ಧಾನ್ಯದ ಅಭಾವವೊಂದೇ ಅಲ್ಲ, ಅದನ್ನು ಪಡೆಯುವ ಶಕ್ತಿಯ ಅಭಾವ ಎಂದು ಅಮರ್ತ್ಯ ಸೇನ್ 1981ರಲ್ಲಿ ಬಂಗಾಳದ ಕ್ಷಾಮವನ್ನು ಮುಂದಿಟ್ಟುಕೊಂಡು ವಿವರಿಸಿದರು. ಇಂದು ಪಡಿತರ ವ್ಯವಸ್ಥೆ ಇರುವುದರಿಂದ ಸಾವಿನ ಕ್ಷಾಮ ದೂರವಾಗಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಅಕ್ಕಿಯಿಂದ ತುಂಬಿದ ಹೊಟ್ಟೆಗೂ ಪೌಷ್ಟಿಕತೆಗೂ ವ್ಯತ್ಯಾಸವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ 65ರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ಇಲ್ಲಿಯೂ ಸರಾಸರಿ ಮೋಸ ಮಾಡುತ್ತದೆ. ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳ ಸ್ಥಿತಿ ರಾಜ್ಯದ ಸರಾಸರಿಗಿಂತ ಬಹಳ ಕೆಟ್ಟದಾಗಿದೆ. ದೇಶಕ್ಕೆ ಬೇಳೆ ಬೆಳೆದುಕೊಡುವ ಸೀಮೆಯ ಮಕ್ಕಳೇ ಹೆಚ್ಚು ಸೊರಗಿದ್ದಾರೆ.

ಪರಿಹಾರದ ಲೆಕ್ಕಾಚಾರ

ಬೆಳೆ ಹೋದಾಗ ಸರ್ಕಾರ ಕೊಡುವುದೇನು? ರಾಷ್ಟ್ರೀಯ ವಿಪತ್ತು ನಿಧಿಯಡಿ 2022–26ರ ಅವಧಿಗೆ ನಿಗದಿಯಾದ ಮಾನದಂಡದ ಪ್ರಕಾರ ಶೇ 33ಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಅದೂ ಎರಡು ಹೆಕ್ಟೇರಿಗೆ ಸೀಮಿತ. ಎಕರೆಗೆ ಸುಮಾರು 3,400 ರೂಪಾಯಿಯಾಯಿತು. ಎಕರೆಗೆ ಮೂರು ಕ್ವಿಂಟಲ್ ತೊಗರಿ ಬಂದರೂ 2025–26ರ ಬೆಂಬಲ ಬೆಲೆಯಲ್ಲಿ ಅದರ ಮೌಲ್ಯ 24,000 ರೂಪಾಯಿ. 2025ರ ನೆರೆಯ ಬಳಿಕ ರಾಜ್ಯ ಸರ್ಕಾರ ತನ್ನ ಪಾಲಿನಿಂದ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸಿದ್ದು ಸ್ವಾಗತಾರ್ಹ. ಆದರೂ ಬಿತ್ತನೆಯ ಖರ್ಚು ಹುಟ್ಟುವುದೇ ಕಷ್ಟ.

ಹಣಕ್ಕಿಂತ ಮುಖ್ಯವಾದುದು ಕಾಲ. 2023ರ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಮನವಿ ಹೋದದ್ದು ಸೆಪ್ಟೆಂಬರ್‌ನಲ್ಲಿ, ಕೇಂದ್ರದ ತಂಡ ಬಂದುಹೋದದ್ದು ಅಕ್ಟೋಬರ್‌ನಲ್ಲಿ. ರಾಜ್ಯವು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಅಷ್ಟರಲ್ಲಿ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತಾಗಿ ಕೊಟ್ಟದ್ದು ಗರಿಷ್ಠ 2,000 ರೂಪಾಯಿ. ಆಗಸ್ಟ್‌ನಲ್ಲಿ ಒಣಗಿದ ಹೊಲಕ್ಕೆ ಮೇ ತಿಂಗಳಲ್ಲಿ ಬರುವ ಹಣದಿಂದ ಮನೆಯ ಎತ್ತು ಉಳಿಯುವುದಿಲ್ಲ, ಬಡ್ಡಿ ನಿಲ್ಲುವುದಿಲ್ಲ.

ಬೆಳೆ ವಿಮೆಯ ಕಥೆಯೂ ಭಿನ್ನವಲ್ಲ. ಇಳುವರಿಯನ್ನು ಅಳೆಯುವುದು ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಇತರ ಬೆಳೆಗಳಿಗೆ ಹೋಬಳಿ ಮಟ್ಟದಲ್ಲಿ. ಅದನ್ನು ಹೋಲಿಸುವುದು ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯೊಂದಿಗೆ. ಏಳರಲ್ಲಿ ನಾಲ್ಕು ವರ್ಷ ಬೆಳೆ ಕೆಟ್ಟ ಊರಿನಲ್ಲಿ ಆ ಸರಾಸರಿಯೇ ಕುಸಿದಿರುತ್ತದೆ. ಹೆಚ್ಚು ಪೆಟ್ಟು ತಿಂದವರಿಗೆ ಕಡಿಮೆ ರಕ್ಷಣೆ ಸಿಗುವ ವಿಚಿತ್ರ ಗಣಿತವಿದು. ಇನ್ನು ಪಹಣಿಯಲ್ಲಿ ಹೆಸರಿಲ್ಲದೆ ಲಾವಣಿಗೆ ಹೊಲ ಮಾಡಿದವರು, ಕಳೆ ತೆಗೆಯುವ, ಹತ್ತಿ ಬಿಡಿಸುವ ಕೂಲಿ ಹೆಣ್ಣುಮಕ್ಕಳು ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಬೆಳೆ ಒಣಗಿದ ದಿನವೇ ಅವರ ಕೂಲಿಯೂ ಹೋಗುತ್ತದೆ. ತಟ್ಟೆಯಿಂದ ಬೇಳೆ, ಹಾಲು, ಮೊಟ್ಟೆ ಮೊದಲು ಮಾಯವಾಗುವುದು ಅವರ ಮನೆಯಲ್ಲಿ.

ಮಾಡಬಹುದಾದದ್ದು

ಮಳೆಯನ್ನು ನಾವು ಬದಲಾಯಿಸಲಾರೆವು; ಲೆಕ್ಕದ ಕ್ರಮವನ್ನು ಬದಲಾಯಿಸಬಹುದು. ಈ ವಿಷಯದಲ್ಲಿ ಕರ್ನಾಟಕಕ್ಕೆ ದೇಶದ ಬೇರೆ ರಾಜ್ಯಗಳಿಗಿಲ್ಲದ ಅನುಕೂಲವಿದೆ. ದೇಶದಲ್ಲೇ ಮೊದಲ ಬಾರಿಗೆ 1988ರಲ್ಲಿ ಬರ ನಿಗಾ ಘಟಕವನ್ನು ಸ್ಥಾಪಿಸಿದ್ದು ನಾವು. ಅದು ಬೆಳೆದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಲಾಗಿದೆ. ಯಾವ ಊರಿನಲ್ಲಿ ಎಷ್ಟು ದಿನ ಮಳೆ ಬಂದಿಲ್ಲ, ಎಲ್ಲಿ ಒಂದೇ ದಿನ ಎಷ್ಟು ಸುರಿಯಿತು ಎಂಬುದು ಅಂದಂದೇ ಗೊತ್ತಾಗುತ್ತದೆ. ಅಡಿಕೆ, ಕಾಳುಮೆಣಸಿನಂಥ ತೋಟಗಾರಿಕಾ ಬೆಳೆಗಳಿಗೆ ಇಂಥ ಮಾಹಿತಿಯ ಆಧಾರದ ಮೇಲೆಯೇ ಹವಾಮಾನ ಆಧಾರಿತ ವಿಮೆ ಜಾರಿಗೆ ಬಂದಿದೆ. ತೊಗರಿ, ಜೋಳ, ರಾಗಿಗೂ ಅದೇ ಕ್ರಮವನ್ನು ವಿಸ್ತರಿಸಿ, ನಿರ್ದಿಷ್ಟ ಹಂತದಲ್ಲಿ ಮೂರು ವಾರ ಒಣಹವೆ ಇದ್ದರೆ ಅಥವಾ ನಿಗದಿತ ಮಿತಿ ಮೀರಿ ಮಳೆ ಸುರಿದರೆ, ಸಮೀಕ್ಷೆಗೆ ಕಾಯದೆ ಮೊದಲ ಕಂತು ರೈತರ ಖಾತೆಗೆ ಹೋಗುವಂತೆ ಮಾಡಲು ಅಡ್ಡಿಯೇನು?

ಎರಡನೆಯದು ಮಣ್ಣು. ಒಮ್ಮೆಲೇ ಸುರಿಯುವ ಮಳೆಯನ್ನು ಹಿಡಿದಿಟ್ಟುಕೊಳ್ಳುವ ಅತಿ ದೊಡ್ಡ ಜಲಾಶಯ ಹೊಲದ ಮಣ್ಣೇ. ವಿಜಯಪುರದ ಹಿಂಗಾರಿ ಜೋಳ ಬೆಳೆಯುವುದೇ ಕಪ್ಪು ಮಣ್ಣು ಕೂಡಿಟ್ಟ ತೇವದಿಂದ. ಬದು, ಚೌಕುಮಡಿ, ಕೃಷಿಹೊಂಡ – ಇವು ಹಳೆಯ ಮಾತುಗಳೆಂದು ಬೇಸರ ಬೇಡ. ಮಳೆ ಹೆಚ್ಚಾದಾಗ ನೀರು ಬಸಿದು ಹೊಂಡ ಸೇರುವುದಕ್ಕೂ, ಕಡಿಮೆಯಾದಾಗ ಒಂದು ಸಲ ಹೊಲಕ್ಕೆ ಹಾಯಿಸುವುದಕ್ಕೂ ಇವೇ ಬೇಕು. 2014ರಲ್ಲಿ ಆರಂಭವಾದ ಕೃಷಿಭಾಗ್ಯದಂಥ ಯೋಜನೆಗಳು ಸರ್ಕಾರ ಬದಲಾದಂತೆ ಏಳುತ್ತಾ ಬೀಳುತ್ತಾ ಸಾಗುವುದು ನಿಲ್ಲಬೇಕು.

ಮೂರನೆಯದು ಬೆಳೆ ವೈವಿಧ್ಯ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಬಿತ್ತುವ ಅಕ್ಕಡಿ ಸಾಲು ನಮ್ಮ ಹಿರಿಯರ ವಿಮೆಯಾಗಿತ್ತು. ಒಂದು ಕೆಟ್ಟರೆ ಇನ್ನೊಂದು. ದನಕ್ಕೆ ಮೇವು, ಸಾರಿಗೆ ಕಾಳು. ಉತ್ತರದಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕಾಪಿಡುತ್ತಿದ್ದರು. ಹಳೆಯ ಕಾಲಕ್ಕೆ ಮರಳಿ ಎಂದು ನಾನು ಹೇಳುತ್ತಿಲ್ಲ. ಇಂಡಿಯಾ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು, ಮಳೆಯಾಶ್ರಿತ ಧಾನ್ಯಕ್ಕೆ ವಿಜ್ಞಾನದ ಬಲ ಸಿಕ್ಕರೆ ಏನಾಗಬಲ್ಲದು ಎಂಬುದನ್ನು ತೋರಿಸಿದ್ದಾರೆ. ಅಂಥ ಗಮನ ಇಂದು ನೆಟೆ ರೋಗ ಮತ್ತು ನೀರು ನಿಲ್ಲುವುದನ್ನು ತಾಳುವ ತೊಗರಿಗೆ, ತಡವಾಗಿ ಬಿತ್ತಿದರೂ ಬರುವ ಅಲ್ಪಾವಧಿ ರಾಗಿಗೆ ಬೇಕಾಗಿದೆ.

ಇವೆಲ್ಲಕ್ಕೂ ಆಧಾರ ಖಚಿತ ಖರೀದಿ. ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡುವ ನಿರ್ಧಾರವನ್ನು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಕೈಗೊಂಡಿತು. ಆ ಬೇಳೆ ಎಲ್ಲಿಂದ ಬರಬೇಕು? ಟೆಂಡರ್ ಮೂಲಕ ಬಂದರಿನಿಂದಲೋ, ಕಲಬುರಗಿಯ ಹೊಲದಿಂದಲೋ? ಕಟಾವಿಗೆ ಮೊದಲೇ ಖರೀದಿ ಕೇಂದ್ರ ತೆರೆದು, ಬೆಂಬಲ ಬೆಲೆಗೆ ಇಲ್ಲಿನ ತೊಗರಿಯನ್ನೇ ಕೊಂಡು, ಪಡಿತರ, ಅಂಗನವಾಡಿ, ಬಿಸಿಯೂಟ, ವಿದ್ಯಾರ್ಥಿನಿಲಯಗಳಿಗೆ ಕೊಟ್ಟರೆ ಒಂದೇ ಖರ್ಚಿನಲ್ಲಿ ರೈತರಿಗೆ ಬೆಲೆ, ಮಕ್ಕಳಿಗೆ ಪ್ರೋಟೀನ್ ಎರಡೂ ಸಿಗುತ್ತವೆ. ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳವನ್ನು ಪಡಿತರಕ್ಕೆ ಕೊಂಡ ಅನುಭವ ರಾಜ್ಯಕ್ಕೆ ಈಗಾಗಲೇ ಇದೆ. ಅದನ್ನು ವರ್ಷಕ್ಕೊಂದು ನಿಯಮದ ಪ್ರಯೋಗವಾಗಿ ಉಳಿಸದೆ ಐದು ವರ್ಷಗಳ ಖಚಿತ ಕಾರ್ಯಕ್ರಮವಾಗಿ ಮಾಡಬೇಕು.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ಬೆಂಗಳೂರಿನ ನಾವೆಲ್ಲ ಹವಾಮಾನದ ಬಗ್ಗೆ ಮಾತನಾಡಿದೆವು. ಬೆಲೆ ಇಳಿದಂತೆ ಮಾತೂ ನಿಂತಿತು. ಟೊಮೆಟೊ ಇಲ್ಲದೆ ಸಾರು ಮಾಡಬಹುದು. ಬೇಳೆ ಇಲ್ಲದೆ ಮಗು ಬೆಳೆಯದು. ಮುಂದಿನ ಮುಂಗಾರಿನ ಕೊನೆಗೂ ಒಂದು ಅಂಕಿ ಬರುತ್ತದೆ. ಅದು ‘ಸಾಮಾನ್ಯ’ ಎಂದೇ ಇರಬಹುದು. ಆಗ ನಮ್ಮ ಶಾಸಕರು, ಸಂಸದರು ಕೇಳಬೇಕಾದ ಪ್ರಶ್ನೆಗಳು ಬೇರೆ. ಯಾವ ಊರಿನಲ್ಲಿ ಯಾವ ಮಳೆ ತಪ್ಪಿತು, ಅಲ್ಲಿ ಯಾವ ಬೆಳೆಯಿತ್ತು, ಎಷ್ಟು ದಿನದಲ್ಲಿ ಹಣ ತಲುಪಿತು, ಆ ಊರಿನ ಅಂಗನವಾಡಿಯ ಮಕ್ಕಳ ತೂಕ ಎಷ್ಟು? ಇವಕ್ಕೆ ಉತ್ತರ ಕೊಡಬಲ್ಲ ವ್ಯವಸ್ಥೆಯನ್ನು ಕಟ್ಟುವವರೆಗೆ ಆಹಾರ ಭದ್ರತೆ ಎಂಬ ಮಾತು ಗೋದಾಮಿನ ಬಾಗಿಲು ದಾಟಿ ಹೊರಬರುವುದಿಲ್ಲ.